ಕ್ರಾಫ್ಟ್ ಬಿಯರ್ ಕ್ಯಾನ್‌ನಲ್ಲಿ ತರಬೇಕೋ ಬಾಟಲಿಯಲ್ಲೋ? ಕೋಲಾರದಲ್ಲಿ ತಂದದ್ದು ಯಾಕೆ ಕೆಟ್ಟ ವಾಸನೆ?

ಅಂತರಗಂಗೆ · ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ ಪ್ರಶ್ನೆ.

ಊರು ಕೋಲಾರ, ಕೆಲಸ ನರಸಾಪುರದ ಕಡೆ. ವಾರಕ್ಕೊಮ್ಮೆ, ಶನಿವಾರ ಮಾತ್ರ, ಒಂದೆರಡು ಬಿಯರ್ ಕುಡಿಯುತ್ತೇನೆ. ಬೆಂಗಳೂರಿನಲ್ಲಿದ್ದಾಗ ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ತಯಾರಕರು ಮಾಡುವ ಬಿಯರ್, ರುಚಿ ಹತ್ತಿತು. ಈಗ ನಮ್ಮೂರಲ್ಲೂ ಒಂದೆರಡು ವೈನ್ ಶಾಪ್‌ನಲ್ಲಿ ಸಿಗುತ್ತದೆ. ಹೋದ ವಾರ ನನಗಿಷ್ಟವಾದ ಐಪಿಎ (ಇಂಡಿಯಾ ಪೇಲ್ ಏಲ್, ಕಹಿ ಜಾಸ್ತಿ ಇರುವ ಬಿಯರ್) ಎರಡು ಬಾಟಲಿ ತಂದೆ. ಮುಚ್ಚಳ ತೆಗೆದ ಕೂಡಲೇ ಇಂಗಿನ ಡಬ್ಬಿ ತೆಗೆದ ಹಾಗೆ ವಾಸನೆ. ಜೊತೆಗೆ ಸುಟ್ಟ ರಬ್ಬರ್ ಥರ ಏನೋ ಒಂದು. ಇದೇ ಬಿಯರನ್ನು ಬೆಂಗಳೂರಿನಲ್ಲಿ ಕ್ಯಾನ್‌ನಲ್ಲಿ ಕುಡಿದಿದ್ದೆ. ಅದರಲ್ಲಿ ಕಿತ್ತಳೆ ಸಿಪ್ಪೆಯ ಘಮ ಇತ್ತು.

ಅಂಗಡಿಯವರನ್ನು ಕೇಳಿದರೆ "ಡೇಟ್ ನೋಡಿ ಸಾರ್, ಇನ್ನೂ ಇದೆ" ಅಂದರು. ನೋಡಿದೆ, ನಿಜವಾಗಿಯೂ ಇತ್ತು. ವಾರವೆಲ್ಲ ಕಾದು, ಮಗಳು ಮಲಗಿದ ಮೇಲೆ ತಾರಸಿಗೆ ಹೋಗಿ ಕೂತು, ಒಂದು ಗುಟುಕಿಗೆ ಚೆಲ್ಲಬೇಕಾಯಿತು. ತುಂಬ ಬೇಜಾರಾಯಿತು.

ಇದು ಬಾಟಲಿಯ ತಪ್ಪಾ? ಇನ್ನು ಮೇಲೆ ಕ್ಯಾನ್ ಮಾತ್ರ ತಂದರೆ ಸರಿಹೋಗುತ್ತದಾ? ಗೊತ್ತಿರುವವರು ಹೇಳಿ.

ನಂದಿ_ಸೈಕಲ್

ಕ್ಯಾನ್. ಯೋಚನೆಯೇ ಬೇಡ.

ರಾಬರ್ಟ್‌ಸನ್‌ಪೇಟೆ

ನಾನು ಒಪ್ಪುವುದಿಲ್ಲ. ಬಿಯರ್ ಅಂದರೆ ಬಾಟಲಿ. ಮುಚ್ಚಳ ಹಾರಿದಾಗ ಬರುವ ಸದ್ದು, ಕೈಗೆ ಸಿಗುವ ಆ ತೂಕ, ಗಾಜಿನ ಮೇಲೆ ಇಳಿಯುವ ನೀರಹನಿ, ಇದೆಲ್ಲ ಕ್ಯಾನ್‌ನಲ್ಲಿ ಎಲ್ಲಿ ಬರಬೇಕು? ಕ್ಯಾನ್‌ನಲ್ಲಿ ಕುಡಿದರೆ ತಗಡು ನೆಕ್ಕಿದ ಹಾಗಿರುತ್ತದೆ. ನಮ್ಮ ಕೆಜಿಎಫ್‌ನಲ್ಲಿ ನಾನು ನೋಡಿದ ಹಿರಿಯರೆಲ್ಲ ಬಾಟಲಿ ಬಿಟ್ಟು ಬೇರೆ ಮುಟ್ಟಿದವರಲ್ಲ.

ನಂದಿ_ಸೈಕಲ್

@ರಾಬರ್ಟ್‌ಸನ್‌ಪೇಟೆ ಅಣ್ಣ, ತಗಡಿನ ರುಚಿ ಬಿಯರಿನದ್ದಲ್ಲ. ತುಟಿಗೆ ತಗಡು ತಾಗುತ್ತದೆ, ಮೂಗು ಅದರ ಪಕ್ಕದಲ್ಲೇ ಇರುತ್ತದೆ, ಅಷ್ಟೇ. ಗ್ಲಾಸಿಗೆ ಬಗ್ಗಿಸಿ ಕುಡಿದು ನೋಡಿ. ಕ್ಯಾನ್ ಒಳಗೆ ತೆಳುವಾದ ಲೇಪ ಇರುತ್ತದೆ. ಬಿಯರ್ ಲೋಹಕ್ಕೆ ತಾಗುವುದೇ ಇಲ್ಲ.

ಮಾಲ್ಟ್‌ಮನೆ

@ಅಂತರಗಂಗೆ ಮೊದಲು ಒಂದು ಪ್ರಶ್ನೆ. ಬಾಟಲಿ ಯಾವ ಬಣ್ಣದ್ದು? ಅಂಗಡಿಯಲ್ಲಿ ಎಲ್ಲಿ ಇಟ್ಟಿದ್ದರು, ಫ್ರಿಜ್ ಒಳಗಾ, ಹೊರಗಾ?

ಅಂತರಗಂಗೆ

ಹಸಿರು ಗಾಜು. ಫ್ರಿಜ್ ಒಳಗಲ್ಲ ಸಾರ್. ಕೌಂಟರ್ ಮೇಲಿನ ಶೆಲ್ಫ್‌ನಲ್ಲಿ ಸಾಲಾಗಿ ಜೋಡಿಸಿದ್ದರು. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಸಂಜೆ ಬಿಸಿಲು ನೇರವಾಗಿ ಒಳಗೆ ಬರುತ್ತದೆ.

ಮಾಲ್ಟ್‌ಮನೆ

ಹಾಗಾದರೆ ಉತ್ತರ ಸಿಕ್ಕಿತು. ನಾನು ಗೌರಿಬಿದನೂರಿನವನು. ಬೆಂಗಳೂರಿನ ಒಂದು ಬ್ರೂವರಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಓದಿ.

ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಅನ್ನುವ ಹೂವು. ಆ ಕಹಿ ಅಂಶಕ್ಕೆ ಬೆಳಕು ಆಗುವುದಿಲ್ಲ. ಬಿಯರಿನಲ್ಲಿ ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಮೊದಲೇ ಇರುತ್ತದೆ. ಅದು ಬೆಳಕನ್ನು ಹೀರಿಕೊಂಡು ಹಾಪ್ಸ್‌ನ ಕಹಿ ಅಂಶವನ್ನು ಒಡೆಯುತ್ತದೆ. ಒಡೆದ ತುಂಡು ಗಂಧಕದ ಜೊತೆ ಸೇರಿ ಒಂದು ಹೊಸ ವಸ್ತು ಆಗುತ್ತದೆ. ನಿಮಗೆ ಬಂದ ವಾಸನೆ ಅದರದ್ದೇ. ಇಂಗಿಗೂ ವಾಸನೆ ಬರುವುದು ಗಂಧಕದಿಂದ, ಹಾಗಾಗಿ ನಿಮ್ಮ ಮೂಗು ಸರಿಯಾಗಿಯೇ ಹೇಳಿದೆ. ಅಮೆರಿಕದಲ್ಲಿ ಸ್ಕಂಕ್ ಅಂತ ಒಂದು ಪ್ರಾಣಿ ಇದೆ, ಹೆದರಿದರೆ ಗಬ್ಬು ವಾಸನೆ ಚಿಮ್ಮಿಸುತ್ತದೆ. ಆ ವಾಸನೆಗೆ ಇದು ಹತ್ತಿರ. ಅದಕ್ಕೇ ನಾವು "ಬಿಯರ್ ಸ್ಕಂಕ್ ಆಗಿದೆ" ಅನ್ನುತ್ತೇವೆ. ಒಂದು ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮನುಷ್ಯನ ಮೂಗು ಕಂಡುಹಿಡಿಯುತ್ತದೆ.

ಬಿಳಿ ಗಾಜಿನ ಬಾಟಲಿ ಬಿಸಿಲಲ್ಲಿದ್ದರೆ ಕೆಲವು ನಿಮಿಷ ಸಾಕು. ಹಸಿರು ಗಾಜು ಸ್ವಲ್ಪ ತಡೆಯುತ್ತದೆ, ಜಾಸ್ತಿ ಏನಿಲ್ಲ. ಕಂದು ಗಾಜು ಕೆಟ್ಟ ಬೆಳಕಿನ ಬಹುಪಾಲನ್ನು ತಡೆಯುತ್ತದೆ, ಪೂರ್ತಿ ಅಲ್ಲ. ಕ್ಯಾನ್‌ಗೆ ಬೆಳಕು ಹೋಗುವುದೇ ಇಲ್ಲ. ಈ ಒಂದು ವಿಷಯದಲ್ಲಿ ಕ್ಯಾನ್ ಗೆದ್ದಿತು, ಚರ್ಚೆಯೇ ಇಲ್ಲ.

ಟೊಮೆಟೊ_ಮಂಡಿ

ಬಿಸಿಲಿಗೆ ಬಿಸಿಯಾಗಿ ಕೆಡುವುದು ಅಂದುಕೊಂಡಿದ್ದೆ. ಬೆಳಕಿಗೂ ಕೆಡುತ್ತದಾ? ಅಂಗಡಿಯ ಟ್ಯೂಬ್‌ಲೈಟ್‌ಗೂ?

ಮಾಲ್ಟ್‌ಮನೆ

ಟ್ಯೂಬ್‌ಲೈಟ್‌ಗೂ ಕೆಡುತ್ತದೆ. ನಿಧಾನವಾಗಿ, ದಿನಗಳ ಲೆಕ್ಕದಲ್ಲಿ. ಬಿಸಿ ಬೇರೆ ಥರ ಕೆಡಿಸುತ್ತದೆ. ಬಿಸಿಯಲ್ಲಿಟ್ಟ ಬಿಯರ್ ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ, ಹಾಪ್ಸ್ ಘಮ ಸತ್ತುಹೋಗುತ್ತದೆ. ನಮ್ಮಲ್ಲಿ 3-30-300 ಅಂತ ಒಂದು ಅಂದಾಜು ಲೆಕ್ಕ ಇದೆ. 32 ಡಿಗ್ರಿಯಲ್ಲಿ 3 ದಿನ ಇಟ್ಟರೂ ಒಂದೇ, 22 ಡಿಗ್ರಿಯಲ್ಲಿ 30 ದಿನ ಇಟ್ಟರೂ ಒಂದೇ, 3 ಡಿಗ್ರಿಯಲ್ಲಿ 300 ದಿನ ಇಟ್ಟರೂ ಒಂದೇ, ಬಿಯರ್ ಅಷ್ಟೇ ಕೆಡುತ್ತದೆ. ಈಗ ಏಪ್ರಿಲ್ ತಿಂಗಳ ಕೋಲಾರವನ್ನು ನೆನಪಿಸಿಕೊಳ್ಳಿ. ಆ ಬಿಸಿಯಿಂದ ಕ್ಯಾನ್ ಕೂಡ ಉಳಿಸುವುದಿಲ್ಲ.

ನಂದಿ_ಸೈಕಲ್

ಆದರೂ ಬಾಟಲಿಯ ಮುಚ್ಚಳದಿಂದ ಗಾಳಿ ಒಳಗೆ ಹೋಗುತ್ತದೆ, ಕ್ಯಾನ್‌ನಲ್ಲಿ ಹೋಗುವುದಿಲ್ಲ. ಅಲ್ಲೂ ಕ್ಯಾನ್ ಮೇಲು ಅಲ್ವಾ?

ಮಾಲ್ಟ್‌ಮನೆ

ಅರ್ಧ ನಿಜ. ಮುಚ್ಚಳದ ಒಳಗಿನ ಪದರದ ಮೂಲಕ ಆಮ್ಲಜನಕ ಅಣುಅಣುವಾಗಿ ಒಳಗೆ ನುಸುಳುತ್ತದೆ. ಕ್ಯಾನ್‌ನ ಅಂಚು ಸರಿಯಾಗಿ ಮಡಚಿದ್ದರೆ ಏನೂ ನುಸುಳುವುದಿಲ್ಲ.

ಆದರೆ ತುಂಬುವಾಗ ಏನಾಗುತ್ತದೆ ನೋಡಿ. ಬಾಟಲಿಯಿಂದ ಮೊದಲು ಗಾಳಿಯನ್ನು ಎಳೆದು ತೆಗೆದು, ಇಂಗಾಲದ ಡೈಆಕ್ಸೈಡ್ ತುಂಬಿಸಿ, ಮತ್ತೆ ಎಳೆದು, ಆಮೇಲೆ ಬಿಯರ್ ಬಿಡಬಹುದು. ಖಾಲಿ ಕ್ಯಾನ್‌ನಿಂದ ಹಾಗೆ ಎಳೆಯಲು ಹೋದರೆ ಅದು ನಜ್ಜುಗುಜ್ಜಾಗುತ್ತದೆ. ಗೋಡೆ ಅಷ್ಟು ತೆಳು, ಮಿಲಿಮೀಟರಿನ ಹತ್ತನೇ ಒಂದು ಪಾಲು. ಆದ್ದರಿಂದ ಗ್ಯಾಸ್ ಊದಿ ಗಾಳಿಯನ್ನು ಹೊರಗೆ ತಳ್ಳುವುದು ಬಿಟ್ಟರೆ ದಾರಿ ಇಲ್ಲ. ಬಾಯಿಯೂ ಅಗಲ. ಸಣ್ಣ ಬ್ರೂವರಿಯಲ್ಲಿ ಅಗ್ಗದ ಮೆಷಿನ್ ಇಟ್ಟುಕೊಂಡು ಕ್ಯಾನ್ ತುಂಬಿದರೆ ಮೊದಲ ದಿನವೇ ಒಳಗೆ ಆಮ್ಲಜನಕ ಕೂತಿರುತ್ತದೆ. ಒಳ್ಳೆ ಮೆಷಿನ್‌ನಲ್ಲಿ ತುಂಬಿದ ಬಾಟಲಿ ಅದಕ್ಕಿಂತ ಎಷ್ಟೋ ಮೇಲು. ನಾನು ಈ ಎರಡೂ ಕೆಲಸ ಕೈಯಾರೆ ಮಾಡಿದವನು. ಕ್ಯಾನ್ ತುಂಬುವ ದಿನ ನನಗೆ ಹೊಟ್ಟೆಯೊಳಗೆ ಒಂದು ಭಯ ಇರುತ್ತಿತ್ತು.

ಕ್ಯಾತ್ಸಂದ್ರ_ಕ್ರಾಸ್

ತುಮಕೂರಿನಿಂದ. ಕ್ಯಾನ್ ಬಗ್ಗೆ ಎಚ್ಚರ. ಗೋದಾಮಿನಲ್ಲಿ ಇಲಿ ಮೂತ್ರ ಮಾಡಿದ ಕ್ಯಾನ್‌ಗೆ ಬಾಯಿ ಹಾಕಿ ಒಬ್ಬರು ಸತ್ತೇ ಹೋದರು ಅಂತ ಮೆಸೇಜ್ ಬಂದಿತ್ತು. ನಮ್ಮ ಮನೆಯಲ್ಲಿ ಅಂದಿನಿಂದ ಕ್ಯಾನ್ ಬಂದ್.

ಲ್ಯಾಬ್_ಅಕ್ಕ

@ಕ್ಯಾತ್ಸಂದ್ರ_ಕ್ರಾಸ್ ಆ ಮೆಸೇಜ್ ಎಷ್ಟೋ ವರ್ಷದಿಂದ ಊರು ದೇಶದ ಹೆಸರು ಬದಲಾಯಿಸಿಕೊಂಡು ಸುತ್ತುತ್ತಿದೆ. ನಂಬಬೇಡಿ. ಇಲಿಜ್ವರ ಅನ್ನುವ ಕಾಯಿಲೆ ನಿಜ. ನಮ್ಮಲ್ಲಿ ಅದು ಬರುವುದು ಹೆಚ್ಚಾಗಿ ಇಲಿ, ದನಗಳ ಮೂತ್ರ ಸೇರಿದ ನೀರು, ಕೆಸರಿನಿಂದ. ಕಾಲಿನಲ್ಲಿ ಗಾಯ ಇಟ್ಟುಕೊಂಡು ಗದ್ದೆಗೆ ಇಳಿದವರಿಗೆ ಜಾಸ್ತಿ. ಆ ರೋಗಾಣು ಒಣಗಿದರೆ ಬದುಕುವುದಿಲ್ಲ. ಹಾಗಂತ ಧೂಳು ಕೂತ ಕ್ಯಾನ್‌ಗೆ ನೇರ ಬಾಯಿ ಹಾಕುವುದು ಒಳ್ಳೆಯದಲ್ಲ. ನಲ್ಲಿಯಲ್ಲಿ ತೊಳೆದು, ಗ್ಲಾಸಿಗೆ ಬಗ್ಗಿಸಿ. ಬಾಟಲಿಯ ಬಾಯಿಗೂ ಇದೇ ಮಾತು.

ನನಗೆ ಅದಕ್ಕಿಂತ ಯೋಚನೆ ಆಗುವುದು ಕ್ಯಾನ್ ಒಳಗಿನ ಲೇಪದ ಬಗ್ಗೆ. ಎಪಾಕ್ಸಿ ಲೇಪದಲ್ಲಿ ಬಿಪಿಎ ಅನ್ನುವ ರಾಸಾಯನಿಕ ಬಳಸುತ್ತಿದ್ದರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅದರ ಸುರಕ್ಷಿತ ಮಿತಿಯನ್ನು 20,000 ಪಟ್ಟು ಕೆಳಗಿಳಿಸಿತು. 2024ರ ಡಿಸೆಂಬರಿನಲ್ಲಿ ಯುರೋಪ್ ಒಕ್ಕೂಟ ಆಹಾರ ತಾಗುವ ಪ್ಯಾಕಿಂಗ್‌ನಲ್ಲಿ ಅದನ್ನು ನಿಷೇಧಿಸುವ ನಿಯಮ ತಂದಿತು. ಬಿಪಿಎ ಇಲ್ಲದ ಲೇಪವೂ ಈಗ ಬಂದಿದೆ. ನಮ್ಮ ಕ್ಯಾನ್‌ಗಳ ಮೇಲೆ ಯಾವ ಲೇಪ ಅಂತ ಬರೆದರೆ ಎಷ್ಟು ಚೆನ್ನ. ಗಾಜಿಗೆ ಈ ತೊಂದರೆ ಇಲ್ಲವೇ ಇಲ್ಲ.

ರಾಬರ್ಟ್‌ಸನ್‌ಪೇಟೆ

ಅಕ್ಕ ಹೇಳಿದ ಕೊನೆಯ ಮಾತನ್ನು ಎಲ್ಲರೂ ಇನ್ನೊಂದು ಸಲ ಓದಿ.

ವೈನ್‌ಶಾಪ್_ಕೌಂಟರ್

ನಾನು ಚಿಂತಾಮಣಿಯಲ್ಲಿ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಅಂಗಡಿಯವರ ಕಷ್ಟವನ್ನೂ ಸ್ವಲ್ಪ ಕೇಳಿ.

ಮಾಲು ನಮಗೆ ಪಾನೀಯ ನಿಗಮದ ಡಿಪೋದಿಂದಲೇ ಬರಬೇಕು. ಬರುವುದು ಕೇಸ್ ಲೆಕ್ಕದಲ್ಲಿ. 650 ಎಂಎಲ್ ಬಾಟಲಿ ಆದರೆ 12, ಪೈಂಟ್ (ಚಿಕ್ಕ ಬಾಟಲಿ) ಅಥವಾ ಕ್ಯಾನ್ ಆದರೆ 24. ಸ್ಟ್ರಾಂಗ್ ಬಿಯರ್ ಕೇಸ್ ಬೆಳಗ್ಗೆ ಒಡೆದರೆ ಸಂಜೆಗೆ ಖಾಲಿ. ಕ್ರಾಫ್ಟ್ ಬಿಯರ್ ಕೇಳುವವರು ನಮ್ಮಲ್ಲಿ ವಾರಕ್ಕೆ ನಾಲ್ಕೈದು ಜನ. ಒಂದು ಕೇಸ್ ಎರಡು ಮೂರು ತಿಂಗಳು ಕೂರುತ್ತದೆ. ಫ್ರಿಜ್ ಇರುವುದು ಎರಡು. ಅದರಲ್ಲಿ ಓಡುವ ಮಾಲು ಇಡುತ್ತಾರೋ, ಕೂರುವ ಮಾಲು ಇಡುತ್ತಾರೋ? ಕ್ರಾಫ್ಟ್ ಬಾಟಲಿ ನೋಡಲು ಚೆಂದ, ಬಣ್ಣದ ಲೇಬಲ್. ಹಾಗಾಗಿ ಎದುರಿನ ಶೆಲ್ಫ್‌ಗೆ ಹೋಗುತ್ತದೆ. ಅಲ್ಲಿ ಬೆಳಕು ಬೀಳುತ್ತದೆ ಅಂತ ಯಾರೂ ನಮಗೆ ಹೇಳಿಕೊಟ್ಟಿಲ್ಲ. ಇವತ್ತು ಇಲ್ಲಿ ಓದಿ ತಿಳಿದುಕೊಂಡೆ.

ಒಂದು ಉಪಾಯ ಹೇಳುತ್ತೇನೆ. ಬಾಟಲಿಯೇ ಬೇಕು ಅಂದರೆ "ಶೆಲ್ಫ್‌ದು ಬೇಡ, ಒಳಗಿನ ಬಾಕ್ಸ್‌ನಿಂದ ಕೊಡಿ" ಅಂತ ಕೇಳಿ. ರಟ್ಟಿನ ಬಾಕ್ಸ್ ಒಳಗೆ ಕತ್ತಲು. ಮರ್ಯಾದೆಯಾಗಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಅಂತರಗಂಗೆ

ಇದು ನನಗೆ ಹೊಳೆದೇ ಇರಲಿಲ್ಲ. ತುಂಬ ಥ್ಯಾಂಕ್ಸ್ ಅಣ್ಣ.

ಶಿರಾ_ಸೀಮೆ

ಪ್ಯಾಕಿಂಗ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಕಡೆ ಈಚಲು ಮರದ ಹೆಂಡ ಮಡಕೆಯಲ್ಲಿ ಬರುತ್ತಿತ್ತು. ಬೆಳಗ್ಗೆ ಸಿಹಿ, ಮಧ್ಯಾಹ್ನಕ್ಕೆ ಒಗರು, ಸಂಜೆಗೆ ಹುಳಿ. ಅಜ್ಜ ಹೊತ್ತು ನೋಡಿಯೇ ಕುಡಿಯುತ್ತಿದ್ದರು. ಆಮೇಲೆ ಪ್ಯಾಕೆಟ್ ಸಾರಾಯಿ ಬಂತು. ಹಲ್ಲಿನಲ್ಲಿ ಕಚ್ಚಿ ತೂತು ಮಾಡಿ ಅಲ್ಲೇ ಹೀರಿ ಅಲ್ಲೇ ಬಿಸಾಡುತ್ತಿದ್ದರು. 2007ರ ಜುಲೈನಲ್ಲಿ ಸಾರಾಯಿ ನಿಂತಿತು. ಆದರೆ ನಮ್ಮ ಹೊಲದ ಬದುವಿನಲ್ಲಿ ಗುದ್ದಲಿ ಹಾಕಿದರೆ ಈಗಲೂ ಆ ಪ್ಲಾಸ್ಟಿಕ್ ಸಿಗುತ್ತದೆ. ಮಡಕೆ ಒಡೆದರೆ ಮಣ್ಣಿಗೆ ಮಣ್ಣು.

ಕೆರೆ_ಕೋಡಿ

@ಶಿರಾ_ಸೀಮೆ ನಾನು ಬರೆಯಬೇಕು ಅಂತ ಕೂತಿದ್ದೂ ಇದನ್ನೇ. ಇಷ್ಟು ಹೊತ್ತು ಎಲ್ಲರೂ ಬಿಯರ್ ಒಳಗೆ ಏನಾಗುತ್ತದೆ ಅಂತ ಮಾತಾಡಿದಿರಿ. ಕುಡಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲಿಲ್ಲ.

ನಮ್ಮದು ಕೋಲಾರ ತಾಲ್ಲೂಕಿನ ಒಂದು ಹಳ್ಳಿ. ಕೆರೆ ಎಷ್ಟೋ ವರ್ಷ ಒಣಗಿತ್ತು. ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, 2018ರಲ್ಲಿ ಜಿಲ್ಲೆಗೆ ಬರಲು ಶುರುವಾಯಿತು. ಆಮೇಲೆ ನಮ್ಮ ಕೆರೆಯೂ ತುಂಬಿತು. ನೀರು ಕಂಡರೆ ಜನ ಬರುತ್ತಾರೆ. ಭಾನುವಾರ ಸಂಜೆ ಏರಿಯ ಮೇಲೆ ಬೈಕ್, ಕಾರು ಸಾಲು. ಕುಡಿಯುವುದು ಅವರಿಷ್ಟ. ಆದರೆ ಕುಡಿದಾದ ಮೇಲೆ ಬಾಟಲಿಯನ್ನು ಕೋಡಿಯ ಕಲ್ಲಿಗೆ ಹೊಡೆದು ಹೋಗುತ್ತಾರೆ. ಅದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೋದ ವರ್ಷ ನಮ್ಮಪ್ಪ ಬರಿಗಾಲಲ್ಲಿ ತೂಬಿನ ಹತ್ತಿರ ಇಳಿದರು. ನೀರೊಳಗೆ ಗಾಜು ಕಾಣುವುದಿಲ್ಲ. ಅಂಗಾಲಿಗೆ ಏಳು ಹೊಲಿಗೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಗಾಯ ಮಾಯಲು ಎರಡೂವರೆ ತಿಂಗಳು ಹಿಡಿಯಿತು. ಒಂದು ಹಂತದಲ್ಲಿ ಬೆರಳು ತೆಗೆಯಬೇಕಾಗಬಹುದು ಅಂದಿದ್ದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ನಿಮಗೆ ರುಚಿ ಮುಖ್ಯ, ಒಪ್ಪುತ್ತೇನೆ. ನನಗೆ ಕ್ಯಾನ್ ಒಳ್ಳೆಯದು. ಅದು ಒಡೆಯುವುದಿಲ್ಲ.

ನಂದಿ_ಸೈಕಲ್

ನಾನು ಒಂದೇ ಸಾಲಿನಲ್ಲಿ ಕ್ಯಾನ್ ಅಂದದ್ದೂ ಇದಕ್ಕೇ. ನಂದಿ ಬೆಟ್ಟದ ದಾರಿಯಲ್ಲಿ ಸೋಮವಾರ ಬೆಳಗ್ಗೆ ಸೈಕಲ್ ಹೊಡೆದವರಿಗೆ ಗೊತ್ತು. ತಿರುವಿನಲ್ಲಿ ಗಾಜಿನ ಚೂರು. ಇಳಿಜಾರಿನಲ್ಲಿ ಟೈರ್ ಪಂಚರ್ ಆದರೆ ಹಲ್ಲು ಉಳಿಯುವುದಿಲ್ಲ. ನನ್ನ ಗೆಳೆಯನ ಭುಜದ ಮೂಳೆ ಮುರಿದದ್ದು ಹಾಗೆಯೇ.

ಹಟ್ಟಿ_ಹಾಲು

ಕ್ಯಾನ್ ಒಡೆಯುವುದಿಲ್ಲ ನಿಜ, ಕತ್ತರಿಸಿ ಹೋಗುತ್ತದೆ. ನಾನು ಶಿಡ್ಲಘಟ್ಟ ಕಡೆಯವಳು, ಆರು ಹಸು ಕಟ್ಟಿದ್ದೇನೆ. ರಸ್ತೆ ಪಕ್ಕದ ಮುಸುಕಿನ ಜೋಳದ ಹೊಲಕ್ಕೆ ಯಾರೋ ಕ್ಯಾನ್ ಎಸೆದು ಹೋಗಿದ್ದರು. ಗಾಜಿನ ಬಾಟಲಿ ಆಗಿದ್ದರೆ ಕೊಯ್ಯುವಾಗ ಕುಡುಗೋಲಿಗೆ ಟಣ್ ಅಂತ ಸಿಗುತ್ತಿತ್ತು. ಕ್ಯಾನ್ ಚಪ್ಪಟೆಯಾಗಿ ಸೊಪ್ಪೆಯ ಜೊತೆ ಕಂತೆಯಲ್ಲಿ ಸೇರಿ ಮೇವು ಕತ್ತರಿಸುವ ಮೆಷಿನ್‌ಗೆ ಹೋಯಿತು. ಬ್ಲೇಡ್‌ನಂಥ ಚೂರುಗಳು ಮೇವಿನಲ್ಲಿ ಬೆರೆತವು. ಒಂದು ಹಸು ಎರಡು ದಿನ ಮೇವು ಬಿಟ್ಟಿತು, ಹಾಲು ಇಳಿಯಿತು, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ ನಿಂತುಬಿಟ್ಟಿತು.

ಡಾಕ್ಟರು ಬಂದು ಹೇಳಿದ್ದು ಇಷ್ಟು. ಕಬ್ಬಿಣದ ಮೊಳೆ, ತಂತಿ ಆದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸಿ ಹಿಡಿದಿಡಬಹುದು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಸು ಉಳಿಯಲಿಲ್ಲ. ಮೂರನೇ ಸೂಲಿನ ಹಸು. ನಮ್ಮ ಮಕ್ಕಳು ಅದಕ್ಕೆ ಗೌರಿ ಅಂತ ಕರೆಯುತ್ತಿದ್ದರು.

ಆದ್ದರಿಂದ ಕ್ಯಾನ್ ಒಳ್ಳೆಯದು ಅಂತ ಸುಮ್ನೆ ಹೇಳಿಬಿಡಬೇಡಿ.

ಕೆರೆ_ಕೋಡಿ

@ಹಟ್ಟಿ_ಹಾಲು ಅಕ್ಕ, ಇದು ನನಗೆ ಗೊತ್ತಿರಲಿಲ್ಲ. ನನ್ನ ಮಾತನ್ನು ವಾಪಸ್ ತಗೊಳ್ಳುತ್ತೇನೆ.

ಗುಜರಿ_ಗಾಡಿ

ನಾನು ಹೇಳಬಹುದಾ? ತುಮಕೂರಿನಲ್ಲಿ ಗುಜರಿ ವ್ಯಾಪಾರ, ಇಪ್ಪತ್ತು ವರ್ಷ ಆಯಿತು.

ಏರಿ ಮೇಲೆ, ರಸ್ತೆ ಪಕ್ಕ ಬಿದ್ದದ್ದನ್ನು ನಮ್ಮ ಹುಡುಗರು ಹೆಕ್ಕುತ್ತಾರೆ. ಆದರೆ ಬೆಲೆ ಇರುವುದನ್ನು ಮಾತ್ರ. 650 ಎಂಎಲ್ ಕಂದು ಬಾಟಲಿ ಒಡೆಯದೆ ಇದ್ದರೆ ಬೆಲೆ ಇದೆ, ಅದು ತೊಳೆದು ಮತ್ತೆ ಬಿಯರ್ ತುಂಬಲು ಹೋಗುತ್ತದೆ. ಬಾಟಲಿಯ ಮೈಮೇಲೆ ಬಿಳಿ ಉಂಗುರದ ಹಾಗೆ ಸವೆದಿರುವುದನ್ನು ನೋಡಿದ್ದೀರಾ? ಅದು ಎಷ್ಟೋ ಸಲ ಹೋಗಿ ಬಂದ ಬಾಟಲಿ. ಕ್ರಾಫ್ಟ್ ಬಿಯರಿನ ಚಿಕ್ಕ ಬಾಟಲಿಗೆ ನಮ್ಮ ಹತ್ತಿರ ಗಿರಾಕಿ ಇಲ್ಲ. ಒಬ್ಬೊಬ್ಬರದು ಒಂದೊಂದು ಆಕಾರ. ಒಡೆದು ಗಾಜಿನ ಚೂರು ಅಂತ ತೂಕಕ್ಕೆ ಹಾಕಬೇಕು, ಅದರಲ್ಲಿ ಗಾಡಿ ಡೀಸೆಲ್ ಕಾಸೂ ಹುಟ್ಟುವುದಿಲ್ಲ.

ಕ್ಯಾನ್ ಹಾಗಲ್ಲ. ಒಂದು ಕೆ.ಜಿ. ಆಗಲು 60-70 ಕ್ಯಾನ್ ಬೇಕು, ಆದರೆ ಅಲ್ಯೂಮಿನಿಯಂಗೆ ಯಾವತ್ತೂ ರೇಟ್ ಇದೆ. ತುಳಿದು ಚಪ್ಪಟೆ ಮಾಡಿದರೆ ಒಂದು ಚೀಲಕ್ಕೆ ಎಷ್ಟೋ ಹಿಡಿಯುತ್ತದೆ. ಊರಿನಲ್ಲಿ ಬಿದ್ದ ಕ್ಯಾನ್ ಒಂದು ರಾತ್ರಿ ಉಳಿಯುವುದಿಲ್ಲ. ಅಕ್ಕ ಹೇಳಿದ ಹಾಗೆ ಹೊಲದೊಳಗೆ ಎಸೆದರೆ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಲ್ಯಾಬ್_ಅಕ್ಕ

ಹಳೇ ಅಲ್ಯೂಮಿನಿಯಂ ಕರಗಿಸಿ ಮತ್ತೆ ಮಾಡಿದರೆ, ಅದಿರಿನಿಂದ ಹೊಸದು ಮಾಡುವುದಕ್ಕಿಂತ ಸುಮಾರು 95% ಶಕ್ತಿ ಉಳಿಯುತ್ತದೆ. ಅದಕ್ಕೇ ರೇಟ್. ಆದರೆ ತೊಳೆದು ಮತ್ತೆ ತುಂಬುವ ಬಾಟಲಿ ಹತ್ತಿರದಲ್ಲೇ ಓಡಾಡುತ್ತಿದ್ದರೆ ಅದನ್ನು ಕರಗಿಸುವುದೇ ಬೇಡ. ನನಗೆ ಅದು ಇನ್ನೂ ಮೇಲು ಅನ್ನಿಸುತ್ತದೆ. ತೊಂದರೆ ಬರುವುದು ವಾಪಸ್ ಬರದ ಬಾಟಲಿಯಿಂದ.

ಹೊಸೂರು_ಬಸ್

ಪಕ್ಕದ ತಮಿಳುನಾಡು ನೋಡಿ. ನೀಲಗಿರಿಯಲ್ಲಿ 2022ರಿಂದ ಬಾಟಲಿಗೆ 10 ರೂಪಾಯಿ ಜಾಸ್ತಿ ಇಸಿದುಕೊಂಡು, ಖಾಲಿ ಬಾಟಲಿ ತಂದರೆ ವಾಪಸ್ ಕೊಡುತ್ತಾರೆ. ಕಾಡಿನಲ್ಲಿ ಆನೆ ಕಾಲಿಗೆ ಗಾಜು ಚುಚ್ಚುತ್ತದೆ ಅಂತ ಮದ್ರಾಸ್ ಹೈಕೋರ್ಟ್ ಹಿಡಿದುಕೊಂಡಿತು. ಆಮೇಲೆ ಬೇರೆ ಜಿಲ್ಲೆಗೂ ಬಂತು. ನಮ್ಮ ಕೋಲಾರ, ದೇವರಾಯನದುರ್ಗ, ನಂದಿ ಕಡೆ ಇದು ಯಾಕೆ ಆಗಬಾರದು?

ವೈನ್‌ಶಾಪ್_ಕೌಂಟರ್

ಆಗಲಿ, ಆದರೆ ಖಾಲಿ ಬಾಟಲಿ ಇಡಲು ಜಾಗ ಯಾರು ಕೊಡುತ್ತಾರೆ? ನಮ್ಮ ಅಂಗಡಿ 10 ಅಡಿ ಅಗಲ. ತಮಿಳುನಾಡಿನಲ್ಲಿ ಅಂಗಡಿ ಸರ್ಕಾರದ್ದು. ಇಲ್ಲಿ ಸರ್ಕಾರದ ಎಂಎಸ್‌ಐಎಲ್ ಅಂಗಡಿ ಬಿಟ್ಟರೆ ಉಳಿದದ್ದು ಖಾಸಗಿ. ಎಣಿಸಿ, ಚಿಲ್ಲರೆ ಕೊಟ್ಟು, ಕುಡಿದವರ ಜೊತೆ ವಾದ ಮಾಡುವವರು ನಾವು.

ಹೊಸೂರು_ಬಸ್

ಎಂಎಸ್‌ಐಎಲ್‌ನಿಂದಲೇ ಶುರು ಮಾಡಲಿ ಅಣ್ಣ. ತಾಲ್ಲೂಕಿಗೆ ಒಂದು ಅಂಗಡಿ ಸಾಕು. ಗುಜರಿಯವರ ಜೊತೆ ಒಪ್ಪಂದ ಮಾಡಿಕೊಳ್ಳಲಿ.

ಗುಜರಿ_ಗಾಡಿ

ಕರೆದರೆ ನಾನು ನಾಳೆಯೇ ಗಾಡಿ ತರುತ್ತೇನೆ.

ಮಾವಿನ_ತೋಪು

ಶ್ರೀನಿವಾಸಪುರದಿಂದ ಒಂದು ಬೇರೆ ಪ್ರಶ್ನೆ. ಸೀಸನ್‌ನಲ್ಲಿ ಬೆಂಗಳೂರಿನಲ್ಲಿ ಮಾವಿನ ಬಿಯರ್ ಮಾಡುತ್ತಾರಲ್ಲ. ನಮ್ಮ ತೋಪಿನ ಹಣ್ಣೇ ಅಲ್ಲಿಗೆ ಹೋಗುತ್ತದೆ, ಆದರೆ ಆ ಬಿಯರ್ ನಮ್ಮೂರಿನ ಅಂಗಡಿಗೆ ಯಾಕೆ ಬರುವುದಿಲ್ಲ? ಕ್ಯಾನ್‌ನಲ್ಲಿ ತುಂಬಿ ಕಳಿಸಬಹುದಲ್ಲ?

ಮಾಲ್ಟ್‌ಮನೆ

ಅಣ್ಣ, ಎರಡು ಕಾರಣ. ಮೈಕ್ರೋಬ್ರೂವರಿಗೆ ಸಿಗುವ ಲೈಸೆನ್ಸ್ ಅಲ್ಲೇ ಮಾಡಿ ಅಲ್ಲೇ ಬಡಿಸಲು. ಅಂಗಡಿಗೆ ಕಳಿಸಬೇಕಾದರೆ ಬ್ರೂವರಿ ಲೈಸೆನ್ಸ್, ಲೇಬಲ್ ನೋಂದಣಿ, ಡಿಪೋ, ಎಲ್ಲ ಬೇಕು.

ಇನ್ನೊಂದು ಅಪಾಯದ ವಿಷಯ. ಹಣ್ಣಿನ ತಿರುಳಿನಲ್ಲಿ ಸಕ್ಕರೆ ಇರುತ್ತದೆ. ತಾಜಾ ಬಿಯರಿನಲ್ಲಿ ಯೀಸ್ಟ್ ಬದುಕಿರುತ್ತದೆ. ಪಾಶ್ಚರೀಕರಣ ಮಾಡದೆ ಕ್ಯಾನ್‌ಗೆ ತುಂಬಿ ಬಿಸಿಲಲ್ಲಿ ಲಾರಿಯಲ್ಲಿ ಕಳಿಸಿದರೆ ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ. ಗ್ಯಾಸ್ ತುಂಬಿ ಕ್ಯಾನ್ ಉಬ್ಬುತ್ತದೆ, ಕೊನೆಗೆ ಸಿಡಿಯುತ್ತದೆ. ಬಾಟಲಿ ಆದರೆ ಇನ್ನೂ ಅಪಾಯ, ಗಾಜು ಹಾರುತ್ತದೆ. ಬಿಸಿ ಮಾಡಿ ಯೀಸ್ಟ್ ಕೊಂದರೆ ಮಾವಿನ ತಾಜಾತನವೂ ಹೋಗುತ್ತದೆ.

ಮಾವಿನ_ತೋಪು

ಸರಿ, ನಾವೇ ಅಲ್ಲಿಗೆ ಹೋಗಿ ಕುಡಿಯಬೇಕು ಅಂತಾಯಿತು.

ಹಳೇ_ಮದ್ರಾಸ್_ರಸ್ತೆ

2020ರ ಲಾಕ್‌ಡೌನ್‌ನಲ್ಲಿ ಮೈಕ್ರೋಬ್ರೂವರಿಗಳು ಪಾರ್ಸೆಲ್ ಕೊಡಬಹುದು ಅಂತ ಸರ್ಕಾರ ಬಿಟ್ಟಿತ್ತು. ನಾನು ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿಕೊಂಡು ಹೊಸಕೋಟೆ ದಾಟಿ ಕೋಲಾರಕ್ಕೆ ತಂದಿದ್ದೆ. ಆ ರಾತ್ರಿ ಅಮೃತ. ಮರುದಿನ ಸಂಜೆಗೆ ಗ್ಯಾಸ್ ಪೂರ್ತಿ ಹೋಗಿ ಸಪ್ಪೆ. ಕ್ಯಾನ್ ಆಗಲಿ ಬಾಟಲಿ ಆಗಲಿ, ಗಟ್ಟಿಯಾಗಿ ಮುಚ್ಚುವುದು ಎಷ್ಟು ದೊಡ್ಡ ಕೆಲಸ ಅಂತ ಅವತ್ತು ಗೊತ್ತಾಯಿತು.

ರಾಬರ್ಟ್‌ಸನ್‌ಪೇಟೆ

ಬಾಟಲಿಯ ಬಗ್ಗೆ ಇನ್ನೊಂದು ಮಾತು ಹೇಳಲು ಬಿಡಿ. ನಾವೀಗ ಬಳಸುವ ಸುಕ್ಕು ಸುಕ್ಕಿನ ಮುಚ್ಚಳಕ್ಕೆ ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದು 1892ರಲ್ಲಿ. 130 ವರ್ಷ ದಾಟಿದರೂ ಅದನ್ನು ಬದಲಿಸುವಂಥದ್ದು ಬಂದಿಲ್ಲ. ಕ್ಯಾನ್‌ನಲ್ಲಿ ಬಿಯರ್ ಬಂದದ್ದು 1935ರಲ್ಲಿ, ಅಮೆರಿಕದಲ್ಲಿ. ಆಗ ತಗಡು ದಪ್ಪ, ತೂತು ಹೊಡೆಯಲು ಬೇರೆ ಸಾಮಾನು ಬೇಕಿತ್ತು. ಬಾಟಲಿ ಹಿರಿಯಣ್ಣ. ಗೌರವ ಕೊಡಿ.

ನಂದಿ_ಸೈಕಲ್

ಗೌರವ ಇದೆ ಅಣ್ಣ. ಆದರೆ ಬೆನ್ನಿನ ಚೀಲದಲ್ಲಿ ಹೊತ್ತುಕೊಂಡು ಹೋದರೆ ಅರ್ಧ ಕೆ.ಜಿ. ಗಾಜು ಭಾರ ಅನ್ನಿಸುತ್ತದೆ. ಕ್ಯಾನ್ 15 ಗ್ರಾಂ ಆಸುಪಾಸು. ಐಸ್ ನೀರಿಗೆ ಹಾಕಿದರೆ ಕ್ಯಾನ್ ಬೇಗ ತಣ್ಣಗಾಗುತ್ತದೆ. ನಮ್ಮಲ್ಲಿ ಕರೆಂಟ್ ಹೋಗುವ ಆಟಕ್ಕೆ ಅದೂ ಮುಖ್ಯ.

ಟೊಮೆಟೊ_ಮಂಡಿ

ಬೇಗ ತಣ್ಣಗಾಗುವುದು ಬೇಗ ಬಿಸಿಯೂ ಆಗುತ್ತದೆ.

ನಂದಿ_ಸೈಕಲ್

ಬೇಗ ಕುಡಿಯಿರಿ.

ಟೊಮೆಟೊ_ಮಂಡಿ

ಒಳ್ಳೆ ಬಿಯರನ್ನು ಅವಸರದಲ್ಲಿ ಕುಡಿಯಲು ನನಗೆ ಮನಸ್ಸು ಬರುವುದಿಲ್ಲ.

ಕ್ಯಾತ್ಸಂದ್ರ_ಕ್ರಾಸ್

ಐಪಿಎ ಮಾಡಿದ್ದೇ ನಮ್ಮ ಇಂಡಿಯಾಕ್ಕೆ ಅಂತಾರಲ್ಲ, ಆಗ ಯಾವುದರಲ್ಲಿ ತರುತ್ತಿದ್ದರು?

ಮಾಲ್ಟ್‌ಮನೆ

ಮರದ ಪೀಪಾಯಿಯಲ್ಲಿ, ಬಾಟಲಿಯಲ್ಲೂ. ಹಡಗಿನಲ್ಲಿ ತಿಂಗಳುಗಟ್ಟಲೆ ಬರಬೇಕಿತ್ತು. ಇಂಡಿಯಾಕ್ಕೆಂದೇ ಹೊಸದಾಗಿ ಕಂಡುಹಿಡಿದರು ಅನ್ನುವುದು ಕಟ್ಟುಕತೆ. ಇಂಗ್ಲೆಂಡಿನಲ್ಲಿ ಮೊದಲೇ ಇದ್ದ ಪೇಲ್ ಏಲ್‌ಗೆ ಹಾಪ್ಸ್ ಜಾಸ್ತಿ ಹಾಕಿ ಕಳಿಸುತ್ತಿದ್ದರು. ಹಾಪ್ಸ್ ಕೆಡದಂತೆ ಕಾಯುತ್ತದೆ. ಹೆಸರು ಆಮೇಲೆ ಬಂತು.

ಅಂತರಗಂಗೆ · ಮುಂದಿನ ಭಾನುವಾರ, ಬೆಳಗ್ಗೆ 11:15

ಎಲ್ಲರ ಮಾತು ಕೇಳಿ ನಿನ್ನೆ ರಾತ್ರಿ ಒಂದು ಪರೀಕ್ಷೆ ಮಾಡಿದೆ. ಅದನ್ನು ಬರೆಯುತ್ತೇನೆ.

ಅದೇ ಐಪಿಎ, ಮೂರು ಥರ ತಂದೆ. ಒಂದು ಕ್ಯಾನ್. ಒಂದು ಬಾಟಲಿ ಒಳಗಿನ ಬಾಕ್ಸ್‌ನಿಂದ ಕೇಳಿ ತಂದದ್ದು. ಇನ್ನೊಂದು ಬಾಟಲಿ ಅದೇ ಶೆಲ್ಫ್‌ನಿಂದ. ಮೂರನ್ನೂ ಫ್ರಿಜ್‌ನಲ್ಲಿ ಒಂದೇ ಹೊತ್ತು ಇಟ್ಟೆ. ಹೆಂಡತಿ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳಿಗೆ ಬಗ್ಗಿಸಿ, ಲೋಟದ ಅಡಿಗೆ ಚೀಟಿ ಅಂಟಿಸಿ ತಂದುಕೊಟ್ಟಳು. ಕುಡಿದವರು ನಾನು ಮತ್ತು ಇಬ್ಬರು ಗೆಳೆಯರು. ಯಾವುದು ಯಾವುದು ಅಂತ ನಮಗೆ ಗೊತ್ತಿರಲಿಲ್ಲ.

ಶೆಲ್ಫ್ ಬಾಟಲಿಯನ್ನು ಮೂವರೂ ಮೂಗಿನಲ್ಲೇ ಹಿಡಿದೆವು. ಬಾಯಿಗೆ ಹಾಕುವ ಮೊದಲೇ. ಉಳಿದ ಎರಡರಲ್ಲಿ ಇಬ್ಬರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಒಬ್ಬ ಗೆಳೆಯ ಒಂದು ಲೋಟ ತೋರಿಸಿ ಇದರಲ್ಲಿ ಘಮ ಸ್ವಲ್ಪ ಜಾಸ್ತಿ ಅಂದ. ಚೀಟಿ ನೋಡಿದರೆ ಅದು ಬಾಕ್ಸ್‌ನ ಬಾಟಲಿ! ಆಮೇಲೆ ತಾರೀಕು ನೋಡಿದೆವು. ಆ ಬಾಟಲಿ ಕ್ಯಾನ್‌ಗಿಂತ ಒಂದೂವರೆ ತಿಂಗಳು ಹೊಸದು.

ರಾಬರ್ಟ್‌ಸನ್‌ಪೇಟೆ

ಆ ಗೆಳೆಯರಿಗೆ ನನ್ನ ನಮಸ್ಕಾರ ಹೇಳಿ.

ಮಾಲ್ಟ್‌ಮನೆ

ಬಹಳ ಒಳ್ಳೆ ಕೆಲಸ ಮಾಡಿದಿರಿ. ಹಾಪ್ಸ್ ಜಾಸ್ತಿ ಇರುವ ಬಿಯರಿನಲ್ಲಿ ತುಂಬಿದ ತಾರೀಕನ್ನೇ ಮೊದಲು ನೋಡಬೇಕು. ಮೂರು ತಿಂಗಳು ದಾಟಿದ್ದರೆ ಕ್ಯಾನ್ ಆದರೂ ನಾನು ತಗೊಳ್ಳುವುದಿಲ್ಲ.

ಅಂತರಗಂಗೆ

ಇನ್ನೊಂದು. ಕೆಟ್ಟ ಬಾಟಲಿ, ಒಳ್ಳೆ ಬಾಟಲಿ ಎರಡನ್ನೂ ಬೇರೆ ಬೇರೆ ಲೋಟಕ್ಕೆ ಹಾಕಿಕೊಂಡು ಅಂಗಡಿಯವರಿಗೇ ತೋರಿಸಿದೆ. ಜಗಳಕ್ಕೆ ಹೋಗಿರಲಿಲ್ಲ, ಮೂಸಿ ನೋಡಿ ಅಂದೆ ಅಷ್ಟೇ. ಅವರು ಮೂಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಇವತ್ತು ಬೆಳಗ್ಗೆ ಹಾಲು ತರಲು ಹೋದಾಗ ನೋಡಿದೆ. ಶೆಲ್ಫ್‌ನಲ್ಲಿ ಖಾಲಿ ಬಾಟಲಿಗಳನ್ನು ಜೋಡಿಸಿದ್ದಾರೆ, ತುಂಬಿದ್ದನ್ನು ಒಳಗೆ ಇಟ್ಟಿದ್ದಾರೆ.

ವೈನ್‌ಶಾಪ್_ಕೌಂಟರ್

ನಾನೂ ನಮ್ಮ ಓನರ್‌ಗೆ ಹೇಳಿ ಹಾಗೇ ಮಾಡಿಸುತ್ತೇನೆ. ಖರ್ಚಿಲ್ಲದ ಕೆಲಸ.

ಕೆರೆ_ಕೋಡಿ

@ಅಂತರಗಂಗೆ ನೀವು ಕೋಲಾರದವರೇ ಅಲ್ವಾ? ಮುಂದಿನ ಭಾನುವಾರ ಬೆಳಗ್ಗೆ 7ಕ್ಕೆ ನಮ್ಮ ಕೆರೆ ಏರಿ ಮೇಲಿನ ಗಾಜು ಹೆಕ್ಕುತ್ತಿದ್ದೇವೆ. ಹತ್ತು ಜನ ಆಗಿದ್ದೇವೆ, ಇನ್ನೂ ನಾಲ್ಕು ಜನ ಬೇಕು. ಗೋಣಿಚೀಲ ನಾನು ತರುತ್ತೇನೆ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ.

ಅಂತರಗಂಗೆ

ಬರುತ್ತೇನೆ. ಗೆಳೆಯರಿಬ್ಬರನ್ನೂ ಕರೆತರುತ್ತೇನೆ.

ಗುಜರಿ_ಗಾಡಿ

ಕೋಲಾರದಲ್ಲಿ ನನಗೆ ಗೊತ್ತಿರುವ ಗುಜರಿಯವರೊಬ್ಬರು ಇದ್ದಾರೆ. 10 ಗಂಟೆಗೆ ಗಾಡಿ ಕಳಿಸಲು ಹೇಳಿದ್ದೇನೆ. ಒಡೆದದ್ದನ್ನು ಬೇರೆ ಚೀಲಕ್ಕೆ ಹಾಕಿ, ಹುಡುಗರ ಕೈ ಕುಯ್ಯುತ್ತದೆ.